ಮುಖ ಮರೆಸಿ ಗೆದ್ದ ಮಹಾನಟ: ಸರ್ ಅಲೆಕ್ ಗಿನ್ನೆಸ್

ಹೀರೋ ಅಂದ್ರೆ ಹೇಗಿರಬೇಕು? ತೆರೆಯ ಮೇಲೆ ಬರೀ ಬೂಟುಗಾಲು ಕಂಡರೂ ಸಾಕು, ಗಾಂಧಿಕ್ಲಾಸಿನಿಂದ ಶಿಳ್ಳೆ ಏಳಬೇಕು. ಬೆನ್ನು ಕಂಡರೂ ಸಾಕು, ಚಿಲ್ಲರೆ ಕಾಸು ತೂರಿ ಬರಬೇಕು. ಚಿತ್ರ ಯಾವುದಾದರೇನು, ಅದೇ ನಗು, ಅದೇ ನಡಿಗೆ, ಅದೇ ಕ್ರಾಪು ಇರಬೇಕು. ಇದು ನಮ್ಮ ಲೆಕ್ಕ. ತಪ್ಪೇನಿಲ್ಲ ಬಿಡಿ, ಅಭಿಮಾನ ಅಂದ್ರೆ ಅದೇ ತಾನೆ!

ಆದರೆ ಇಂಗ್ಲೆಂಡಿನಲ್ಲಿ ಒಬ್ಬ ನಟ ಇದ್ದರು. ಐವತ್ತು ವರ್ಷಕ್ಕೂ ಮಿಕ್ಕಿ ಬಣ್ಣ ಹಚ್ಚಿದರು. ಆಸ್ಕರ್ ಗೆದ್ದರು. ರಾಣಿಯ ಕೈಯಿಂದ 'ಸರ್' ಪದವಿ ಪಡೆದರು. ಜಗತ್ತಿನ ಅತಿ ದೊಡ್ಡ ಹಿಟ್ ಚಿತ್ರವೊಂದರಲ್ಲಿ ಪಾಲುದಾರರಾಗಿ ಕೋಟ್ಯಧೀಶರಾದರು. ಆದರೂ ಲಂಡನ್ನಿನ ಬೀದಿಯಲ್ಲಿ ನಡೆದು ಹೊರಟರೆ ಗುರುತು ಹಿಡಿಯುವವರೇ ಕಡಿಮೆ! ಬೋಳು ತಲೆ, ಸಾಧಾರಣ ಮೂಗು, ಮೆತ್ತನೆ ಮಾತು. ಯಾವುದೋ ಬ್ಯಾಂಕಿನ ಹೆಡ್ ಕ್ಲರ್ಕ್ ಅನ್ನಬೇಕು, ಹಾಗಿದ್ದರು.

ಅವರೇ ಸರ್ ಅಲೆಕ್ ಗಿನ್ನೆಸ್. 'ಸ್ಟಾರ್ ವಾರ್ಸ್' ನೋಡಿದವರಿಗೆ ಓಬಿ-ವಾನ್ ಕೆನೋಬಿ ಎಂಬ ಗಡ್ಡದ ಮುದುಕ ನೆನಪಿರಬೇಕಲ್ಲ? ಅದೇ ಮನುಷ್ಯ! ಆದರೆ ಆ ಗಡ್ಡದ ಹಿಂದೆ ಇರುವ ಕಥೆ ಆ ಚಿತ್ರಕ್ಕಿಂತ ದೊಡ್ಡದು. ಅದರಲ್ಲಿ ನಮ್ಮ ಬೆಂಗಳೂರಿನದೂ ಒಂದು ಅಧ್ಯಾಯ ಇದೆ.

ತಂದೆಯ ಹೆಸರಿಲ್ಲದ ಹುಡುಗ

1914ರ ಏಪ್ರಿಲ್ 2ರಂದು ಲಂಡನ್ನಿನಲ್ಲಿ ಜನನ. ತಾಯಿಯ ಹೆಸರು ಆಗ್ನೆಸ್ ಕಫ್. ತಂದೆ? ಜನನಪತ್ರದಲ್ಲಿ ಆ ಜಾಗ ಖಾಲಿ. ಕೊನೆಯವರೆಗೂ ಅದು ಖಾಲಿಯಾಗಿಯೇ ಉಳಿಯಿತು. ಮಗುವಿಗೆ ಬರೆಸಿದ ಹೆಸರು ಅಲೆಕ್ ಗಿನ್ನೆಸ್ ಡಿ ಕಫ್. ಹದಿನಾಲ್ಕು ವರ್ಷ ತುಂಬುವಷ್ಟರಲ್ಲಿ ಹುಡುಗನಿಗೆ ಮೂರು ಬೇರೆ ಬೇರೆ ಹೆಸರು ಆಗಿಹೋಗಿತ್ತು. ವಾಸ ಮಾಡಿದ ಹೋಟೆಲು, ಬಾಡಿಗೆ ಕೋಣೆಗಳ ಸಂಖ್ಯೆ ಸುಮಾರು ಮೂವತ್ತು! ಬಾಡಿಗೆ ಬಾಕಿ ಬಿದ್ದಾಗ ತಾಯಿ ಗಂಟುಮೂಟೆ ಕಟ್ಟುವುದು, ಮಗ ಹಿಂದೆ ಹೋಗುವುದು.

ಮಧ್ಯೆ ತಾಯಿ ಒಬ್ಬ ಸೈನ್ಯಾಧಿಕಾರಿಯನ್ನು ಮದುವೆಯಾದಳು. ಯುದ್ಧದಲ್ಲಿ ನರ ಕೆಟ್ಟು ಬಂದಿದ್ದ ಮನುಷ್ಯ. ಮನೆಯಲ್ಲಿ ಆತನ ಸಿಟ್ಟಿಗೆ ಹೆದರಿ ಹುಡುಗ ಮೂಲೆ ಸೇರುತ್ತಿದ್ದ. ಆ ಮದುವೆಯೂ ಬಹಳ ದಿನ ಬಾಳಲಿಲ್ಲ. ಸ್ಕಾಟ್‌ಲೆಂಡಿನ ಒಬ್ಬ ಬ್ಯಾಂಕರ್ ಹುಡುಗನ ಸ್ಕೂಲ್ ಫೀಸು ಕಟ್ಟಿದರು. ಅವರೇ ತಂದೆ ಇರಬೇಕು ಅಂತ ಜನ ಆಡಿಕೊಂಡದ್ದುಂಟು. ಆದರೆ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಯೋಚನೆ ಮಾಡಿ. 'ನೀನು ಯಾರ ಮಗ?' ಅಂತ ಕೇಳಿದರೆ ಉತ್ತರ ಇಲ್ಲ. ಅಂಥ ಹುಡುಗನಿಗೆ ವೇಷ ಹಾಕಿಕೊಂಡು ಇನ್ನೊಬ್ಬನಾಗಿ ನಿಲ್ಲುವ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯ ಏನಿದೆ?

ಮೇಜಿನ ಮೇಲಿನ ಇಪ್ಪತ್ತು ಪೌಂಡು

ಓದು ಮುಗಿಸಿ ಜಾಹೀರಾತು ಕಂಪನಿಯಲ್ಲಿ ಸಾಲು ಬರೆಯುವ ಕೆಲಸ. ಸಂಬಳ ಅಷ್ಟಕ್ಕಷ್ಟೆ. ಸಂಜೆಯಾದರೆ ನಾಟಕದ ಗ್ಯಾಲರಿಯಲ್ಲಿ ಹಾಜರಿ. ಆ ಕಾಲಕ್ಕೆ ಲಂಡನ್ ರಂಗಭೂಮಿಯ ಆರಾಧ್ಯದೈವ ಜಾನ್ ಗೀಲ್ಗುಡ್. ಯಾವ ಪರಿಚಯವೂ ಇಲ್ಲದೆ ಹುಡುಗ ನೇರವಾಗಿ ಅವರಿಗೇ ಫೋನು ಮಾಡಿದ! 'ನಟ ಆಗಬೇಕು, ಯಾರ ಹತ್ತಿರ ಕಲೀಲಿ?' ಗೀಲ್ಗುಡ್ ಬೈಯಲಿಲ್ಲ, ಮಾರ್ಟಿಟಾ ಹಂಟ್ ಎಂಬ ನಟಿಯ ಹತ್ತಿರ ಕಳಿಸಿದರು. ಆಕೆ ಕೆಲವು ಪಾಠ ಹೇಳಿಕೊಟ್ಟು, 'ನಿನಗೆ ನಟನೆ ಬರೋದಿಲ್ಲಪ್ಪ, ದುಡ್ಡು ದಂಡ ಮಾಡ್ಕೋಬೇಡ' ಎಂಬ ಅರ್ಥದಲ್ಲಿ ಕೈ ಚೆಲ್ಲಿದರು.

ಹುಡುಗ ಬಿಡಲಿಲ್ಲ. ಕೆಲಸ ಬಿಟ್ಟ. ಫೇ ಕಾಂಪ್ಟನ್ ನಟನಾಶಾಲೆಯಲ್ಲಿ ವಿದ್ಯಾರ್ಥಿವೇತನ ಗಿಟ್ಟಿಸಿದ. ಊಟಕ್ಕೆ ಗತಿ ಇಲ್ಲದ ದಿನಗಳು ಅವು. ಪಾತ್ರ ಕೇಳಿಕೊಂಡು ಗೀಲ್ಗುಡ್ ಹತ್ತಿರ ಅಲೆದಾಟ. ಹುಡುಗನ ಬಡಕಲು ಮೈ ನೋಡಿದ ಗೀಲ್ಗುಡ್ ಮೇಜಿನ ಮೇಲೆ 20 ಪೌಂಡು ಇಟ್ಟು, ತಗೋ ಅಂದರು. ಜೇಬಿನಲ್ಲಿ ಪುಡಿಗಾಸು ಬಿಟ್ಟರೆ ಏನಿಲ್ಲ. ಆದರೂ ಹುಡುಗ, 'ಬೇಡ ಸಾರ್, ದುಡ್ಡಿಗೆ ತೊಂದರೆ ಇಲ್ಲ' ಅಂದು ಹೊರಗೆ ಬಂದ! ಸ್ವಾಭಿಮಾನವೋ, ಹುಚ್ಚೋ, ನೀವೇ ಹೇಳಿ.

ಆ ಹುಚ್ಚು ಫಲ ಕೊಟ್ಟಿತು. 1934ರಲ್ಲಿ ಗೀಲ್ಗುಡ್ ತಮ್ಮ 'ಹ್ಯಾಮ್ಲೆಟ್' ನಾಟಕದಲ್ಲಿ ಆಸ್ರಿಕ್ ಎಂಬ ಪುಟ್ಟ ಪಾತ್ರ ಕೊಟ್ಟರು. 1938ರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿಗೆ, ಓಲ್ಡ್ ವಿಕ್ ರಂಗಮಂದಿರದಲ್ಲಿ ಗಿನ್ನೆಸ್ಸೇ ಹ್ಯಾಮ್ಲೆಟ್! ಅದೇ ವರ್ಷ ಸಹನಟಿ ಮೆರುಲಾ ಸಲಮನ್ ಜೊತೆ ಮದುವೆ. 1940ರಲ್ಲಿ ಮಗ ಮ್ಯಾಥ್ಯೂ ಹುಟ್ಟಿದ.

ಇನ್ನು ಆ ಗುರುಮಾತೆ ಮಾರ್ಟಿಟಾ ಹಂಟ್ ವಿಷಯ. 1939ರಲ್ಲಿ ಗಿನ್ನೆಸ್ ಚಾರ್ಲ್ಸ್ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯನ್ನು ನಾಟಕ ಮಾಡಿದರು. ಅದರಲ್ಲಿ ಮಿಸ್ ಹ್ಯಾವಿಶಾಮ್ ಪಾತ್ರ ಯಾರಿಗೆ ಹೋಯಿತು ಗೊತ್ತೆ? ನಟನೆ ಬರೋದಿಲ್ಲ ಅಂದ ಆ ಮಾರ್ಟಿಟಾ ಹಂಟ್‌ಗೇ! ಸೇಡಿನ ಮಾತಿಲ್ಲ, ಕಹಿ ಇಲ್ಲ. ಆ ನಾಟಕ ನೋಡಲು ಬಂದವರಲ್ಲಿ ಒಬ್ಬ ಯುವಕನಿದ್ದ. ಸಿನಿಮಾ ಎಡಿಟಿಂಗ್ ಕೋಣೆಯಲ್ಲಿ ಕತ್ತರಿ ಹಿಡಿದು ಕೆಲಸ ಮಾಡುತ್ತಿದ್ದವ. ಹೆಸರು ಡೇವಿಡ್ ಲೀನ್.

ಯುದ್ಧದಲ್ಲೂ ಟೈಮಿಗೆ ಸರಿಯಾಗಿ

ಅಷ್ಟರಲ್ಲಿ ಎರಡನೆಯ ಮಹಾಯುದ್ಧ. 1941ರಲ್ಲಿ ಗಿನ್ನೆಸ್ ನೌಕಾಪಡೆಗೆ ಸಾಧಾರಣ ನಾವಿಕನಾಗಿ ಸೇರಿ, ಮರುವರ್ಷ ಅಧಿಕಾರಿಯಾದರು. 1943ರ ಜುಲೈನಲ್ಲಿ ಸಿಸಿಲಿ ದ್ವೀಪದ ಮೇಲೆ ದಾಳಿ. ಸೈನಿಕರನ್ನು ದಡ ಸೇರಿಸುವ ಒಂದು ಹಡಗು ಗಿನ್ನೆಸ್ ಕೈಯಲ್ಲಿ. ದಾಳಿಯ ವೇಳೆಯನ್ನು ಮುಂದಕ್ಕೆ ಹಾಕಿದ ಸಂದೇಶ ಅವರಿಗೆ ತಲುಪಲೇ ಇಲ್ಲ. ಕತ್ತಲಲ್ಲಿ ಎಲ್ಲರಿಗಿಂತ ಮೊದಲೇ ದಡ ಮುಟ್ಟಿಬಿಟ್ಟರು! ಆಮೇಲೆ ಮೇಲಧಿಕಾರಿ ಬಂದು, ತಡವಾಗಿ ಬಂದೆ ಅಂತ ಇವರ ಮೇಲೇ ರೇಗಾಡಿದಾಗ ಗಿನ್ನೆಸ್ ಕೊಟ್ಟ ಉತ್ತರ ನಾಟಕದವರ ಉತ್ತರವೇ ಸರಿ. ಲಂಡನ್ನಿನ ರಂಗಭೂಮಿಯಲ್ಲಿ ಪರದೆ ಎಂಟಕ್ಕೆ ಏಳುತ್ತದೆ ಅಂದರೆ ಎಂಟಕ್ಕೇ ಏಳುತ್ತದೆ, ಸ್ವಾಮಿ!

ಒಬ್ಬ ನಟ, ಎಂಟು ಹೆಣ

ಯುದ್ಧ ಮುಗಿಯಿತು. ಡೇವಿಡ್ ಲೀನ್ ಈಗ ನಿರ್ದೇಶಕ. ತಾನು ನೋಡಿದ ಆ ನಾಟಕ ಮರೆತಿರಲಿಲ್ಲ. 1946ರಲ್ಲಿ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಚಿತ್ರ ತೆಗೆದು, ಗಿನ್ನೆಸ್‌ಗೂ ಮಾರ್ಟಿಟಾ ಹಂಟ್‌ಗೂ ಅವೇ ಪಾತ್ರ ಕೊಟ್ಟರು.

ಮುಂದಿನದು 'ಆಲಿವರ್ ಟ್ವಿಸ್ಟ್'. ಮಕ್ಕಳಿಗೆ ಪಿಕ್‌ಪಾಕೆಟ್ ಕಲಿಸುವ ಮುದುಕ ಫೇಗಿನ್ ಪಾತ್ರ ತನಗೆ ಬೇಕು ಅಂದರು ಗಿನ್ನೆಸ್. ಮೂವತ್ತು ದಾಟಿದ್ದಷ್ಟೆ, ಎಳೆ ಮುಖ. ಲೀನ್ ನಕ್ಕುಬಿಟ್ಟರು. 'ಒಂದು ಸ್ಕ್ರೀನ್ ಟೆಸ್ಟ್ ಕೊಡಿ ಸಾಕು' ಅಂದ ಗಿನ್ನೆಸ್, ಟೆಸ್ಟಿನ ದಿನ ಉದ್ದ ಮೂಗು, ಗಡ್ಡ, ಹರಕು ನಿಲುವಂಗಿಯಲ್ಲಿ ಬಂದು ನಿಂತರು. ಪಾತ್ರ ಸಿಕ್ಕಿತು. ಆ ಮೂಗು ಮಾಡಿದ ಮೇಕಪ್ ಕಲಾವಿದ ಸ್ಟುವರ್ಟ್ ಫ್ರೀಬಾರ್ನ್. ಹಲವು ವರ್ಷಗಳ ಮೇಲೆ 'ಸ್ಟಾರ್ ವಾರ್ಸ್' ಸರಣಿಯ ಯೋಡಾನನ್ನು ರೂಪಿಸಿದವರೂ ಇವರೇ!

ಆದರೆ ಆ ಮೂಗು ಗದ್ದಲ ಎಬ್ಬಿಸಿತು. ಹಳೆಯ ಪುಸ್ತಕದ ಚಿತ್ರಗಳನ್ನು ನೋಡಿ ಮಾಡಿದ ಮೇಕಪ್ಪು ಅದು. ಆದರೆ ಹಿಟ್ಲರ್ ಲಕ್ಷಾಂತರ ಯಹೂದಿಗಳನ್ನು ಕೊಂದು ಇನ್ನೂ ನಾಲ್ಕು ವರ್ಷ ಆಗಿಲ್ಲ, ಯಹೂದಿಗಳನ್ನು ಹೀಗೆ ವಿಕಾರ ಮಾಡಿ ತೋರಿಸೋದೆ? 1949ರಲ್ಲಿ ಬರ್ಲಿನ್ನಿನಲ್ಲಿ ಥಿಯೇಟರ್ ಮುಂದೆ ಗಲಭೆಯೇ ಆಯಿತು. ಅಮೆರಿಕದಲ್ಲಿ ಚಿತ್ರ ತೆರೆ ಕಂಡದ್ದು 1951ರಲ್ಲಿ, ಅದೂ ಕತ್ತರಿ ಬಿದ್ದ ಮೇಲೆ. ಕಲಾವಿದನ ಕೈಚಳಕ ಎಷ್ಟೇ ಇರಲಿ, ಅದು ಯಾರನ್ನು ನೋಯಿಸುತ್ತದೆ ಎಂಬ ಪ್ರಶ್ನೆ ಬೇರೆಯೇ ಇದೆ. ಈ ಪ್ರಶ್ನೆ ಗಿನ್ನೆಸ್‌ರನ್ನು ಮತ್ತೆ ಹುಡುಕಿಕೊಂಡು ಬರಲಿತ್ತು. ಅದೂ ನಮ್ಮ ನೆಲದಲ್ಲಿ! ಆ ವಿಷಯ ಮುಂದೆ ಹೇಳ್ತೀನಿ.

1949. 'ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್'. ದ್ವಿಪಾತ್ರ, ತ್ರಿಪಾತ್ರ ನಮಗೆ ಹೊಸದಲ್ಲ. ಇಲ್ಲಿ ಎಂಟು! ಶ್ರೀಮಂತ ಮನೆತನದ ಪದವಿಗೆ ಅಡ್ಡ ಇರುವ ಬಂಧುಗಳನ್ನು ಒಬ್ಬ ಯುವಕ ಒಬ್ಬೊಬ್ಬರಾಗಿ ಮುಗಿಸುತ್ತಾ ಹೋಗುವ ಕಥೆ. ಆ ಬಂಧುಗಳೆಲ್ಲ ಅಲೆಕ್ ಗಿನ್ನೆಸ್ಸೇ. ಪಾದ್ರಿ, ಅಡ್ಮಿರಲ್, ಜನರಲ್, ಬ್ಯಾಂಕರ್... ಕೊನೆಗೆ ಲೇಡಿ ಅಗಾಥಾ ಎಂಬ ಹೆಂಗಸೂ! ಮೊದಲು ಕೇಳಿದ್ದು ನಾಲ್ಕು ಪಾತ್ರ, ಎಂಟೂ ಯಾಕಾಗಬಾರದು ಅಂದವರು ಗಿನ್ನೆಸ್.

ಒಂದೇ ಶಾಟಿನಲ್ಲಿ ಆರು ಗಿನ್ನೆಸ್ ಕೂತಿರುವ ದೃಶ್ಯ ಇದೆ ನೋಡಿ. ಕಂಪ್ಯೂಟರ್ ಇಲ್ಲದ ಕಾಲ. ಕ್ಯಾಮರಾವನ್ನು ನೆಲಕ್ಕೆ ಬಿಗಿದು, ಲೆನ್ಸಿನ ಒಂದೊಂದು ಭಾಗ ಮುಚ್ಚಿ, ಒಂದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಸುತ್ತಿ ಮತ್ತೆ ಮತ್ತೆ ತೆಗೆದದ್ದು. ಪ್ರತಿ ಸಲ ಮೇಕಪ್ ಬದಲಾಗಬೇಕು. ಹಾಗಾಗಿ ಕೆಲಸ ದಿನಗಟ್ಟಲೆ ಹಿಡಿಯಿತು. ಕ್ಯಾಮರಾ ಕೂದಲೆಳೆಯಷ್ಟು ಅಲುಗಿದರೂ ಎಲ್ಲ ಹಾಳು. ಅದಕ್ಕೇ ಛಾಯಾಗ್ರಾಹಕ ಡಗ್ಲಸ್ ಸ್ಲೋಕೊಂಬ್ ರಾತ್ರಿ ಸ್ಟುಡಿಯೋದಲ್ಲಿ ಕ್ಯಾಮರಾ ಪಕ್ಕದಲ್ಲೇ ಮಲಗಿದರು!

1951ರಲ್ಲಿ ಒಂದು ಕೈಯಲ್ಲಿ ಕಲ್ಲು, ಒಂದು ಕೈಯಲ್ಲಿ ಹೂವು. ತಾವೇ ನಿರ್ದೇಶಿಸಿ ನಟಿಸಿದ 'ಹ್ಯಾಮ್ಲೆಟ್' ನಾಟಕ ಮೊದಲ ರಾತ್ರಿಯೇ ಮುಗ್ಗರಿಸಿತು. ದೀಪಗಳು ಹತ್ತಬೇಕಾದಾಗ ಹತ್ತಲಿಲ್ಲ, ಆರಬೇಕಾದಾಗ ಆರಲಿಲ್ಲ. ವಿಮರ್ಶಕರು ಚಚ್ಚಿ ಹಾಕಿದರು. ಅದೇ ವರ್ಷ ಬಂದ 'ದಿ ಲ್ಯಾವೆಂಡರ್ ಹಿಲ್ ಮಾಬ್' ಹಾಸ್ಯಚಿತ್ರ ಮಾತ್ರ ಜನರನ್ನು ಹೊಟ್ಟೆ ಹಿಡಿದು ನಗಿಸಿತು, ಗಿನ್ನೆಸ್‌ಗೆ ಮೊದಲ ಆಸ್ಕರ್ ನಾಮಕರಣ ತಂದಿತು.

ಜೇಮ್ಸ್ ಡೀನ್‌ಗೆ ಹೇಳಿದ ಮಾತು

1955ರ ಸೆಪ್ಟೆಂಬರ್. ಗಿನ್ನೆಸ್ ಮೊದಲ ಸಲ ಹಾಲಿವುಡ್‌ಗೆ ಬಂದಿದ್ದಾರೆ. ರಾತ್ರಿ ಊಟಕ್ಕೆ ಹೋದರೆ ಹೋಟೆಲಿನಲ್ಲಿ ಟೇಬಲ್ ಇಲ್ಲ. ಹಿಂದಿನಿಂದ ಒಬ್ಬ ಯುವಕ ಓಡಿ ಬಂದು, 'ನಮ್ಮ ಟೇಬಲಿಗೆ ಬನ್ನಿ' ಅಂದ. ಅವನೇ ಜೇಮ್ಸ್ ಡೀನ್! ಅಮೆರಿಕದ ಹುಡುಗರ ಎದೆಬಡಿತ. ಒಳಗೆ ಹೋಗುವ ಮುಂಚೆ ತನ್ನ ಹೊಸ ಪೋರ್ಷೆ ಕಾರು ತೋರಿಸಿದ.

ಕಾರು ನೋಡಿದ ಗಿನ್ನೆಸ್‌ಗೆ ಏನಾಯಿತೋ, ಗಡಿಯಾರ ನೋಡಿಕೊಂಡರು. ಈ ಕಾರು ಹತ್ತಬೇಡ, ಹತ್ತಿದರೆ ಮುಂದಿನ ವಾರ ಇಷ್ಟು ಹೊತ್ತಿಗೆ ನೀನು ಬದುಕಿರೋದಿಲ್ಲ ಅಂದರು. ಡೀನ್ ನಕ್ಕ. ಊಟ ಸಂತೋಷವಾಗಿಯೇ ನಡೆಯಿತು. ಮರುವಾರ, ಸೆಪ್ಟೆಂಬರ್ 30ರಂದು, ಅದೇ ಕಾರಿನ ಅಪಘಾತದಲ್ಲಿ ಡೀನ್ ಸತ್ತ. ವಯಸ್ಸು ಇಪ್ಪತ್ನಾಲ್ಕು. ಈ ಘಟನೆಯನ್ನು ಗಿನ್ನೆಸ್ಸೇ ಆಮೇಲೆ ಹೇಳಿಕೊಂಡಿದ್ದಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮಗನ ಕಾಲು, ಅಪ್ಪನ ನಡಿಗೆ

ಈಗ ಈ ಲೇಖನದ ಹೃದಯಕ್ಕೆ ಬರೋಣ.

ಮಗ ಮ್ಯಾಥ್ಯೂಗೆ ಹನ್ನೊಂದರ ವಯಸ್ಸಿನಲ್ಲಿ ಪೋಲಿಯೋ ಬಡಿಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಆ ದಿನಗಳಲ್ಲಿ ಶೂಟಿಂಗ್ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಗಿನ್ನೆಸ್ ಒಂದು ಪುಟ್ಟ ಕ್ಯಾಥೊಲಿಕ್ ಚರ್ಚಿಗೆ ಹೋಗಿ ಸುಮ್ಮನೆ ಕೂರುತ್ತಿದ್ದರು. ಅವರು ಕ್ಯಾಥೊಲಿಕ್ ಅಲ್ಲ. ಆದರೂ ದೇವರ ಜೊತೆ ಒಂದು ಕರಾರು ಮಾಡಿಕೊಂಡರು. ಮಗ ಎದ್ದು ನಡೆದರೆ, ಅವನು ಕ್ಯಾಥೊಲಿಕ್ ಆಗುತ್ತೇನೆ ಅಂದಾಗ ನಾನು ಅಡ್ಡ ಬರೋದಿಲ್ಲ.

ಮಗ ನಡೆದ! ಮೊದಮೊದಲು ತಟ್ಟಾಡುತ್ತಾ, ಕಾಲು ಎಲ್ಲೆಲ್ಲೋ ಬೀಳುತ್ತಾ. ಆಮೇಲೆ ಸಲೀಸಾಗಿ. ಕೊಟ್ಟ ಮಾತಿನಂತೆ ಅಪ್ಪ ಅಡ್ಡ ಬರಲಿಲ್ಲ. ಮಗ ಕ್ಯಾಥೊಲಿಕ್ ಆದ. 1956ರಲ್ಲಿ ಅಪ್ಪನೂ ಆದ. ಅದಕ್ಕೆ ಮುಂಚೆ ಇನ್ನೊಂದು ಸಣ್ಣ ಪ್ರಸಂಗ ನಡೆದಿತ್ತು. 1954ರಲ್ಲಿ ತೆರೆಕಂಡ 'ಫಾದರ್ ಬ್ರೌನ್' ಚಿತ್ರಕ್ಕೆ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಶೂಟಿಂಗ್. ಪಾದ್ರಿಯ ವೇಷದಲ್ಲೇ ಕತ್ತಲ ದಾರಿಯಲ್ಲಿ ಬರುತ್ತಿದ್ದಾಗ ಒಬ್ಬ ಪುಟ್ಟ ಹುಡುಗ ನಿಜವಾದ ಪಾದ್ರಿ ಅಂತಲೇ ತಿಳಿದು ಓಡಿಬಂದು ಕೈ ಹಿಡಿದುಕೊಂಡ, ಮಾತಾಡುತ್ತಾ ಸ್ವಲ್ಪ ದೂರ ಬಂದು, ಟಾಟಾ ಹೇಳಿ ಬೇಲಿ ದಾಟಿ ಓಡಿದ. ಗುರುತಿಲ್ಲದ ಒಂದು ಮಗು ಬರೀ ವೇಷವನ್ನು ನಂಬಿ ಕೈ ಕೊಟ್ಟಿತಲ್ಲ! ಅದು ಗಿನ್ನೆಸ್ ಮನಸ್ಸಿನಲ್ಲಿ ಕೂತುಬಿಟ್ಟಿತು.

1957. ಡೇವಿಡ್ ಲೀನ್‌ರ 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್'. ಜಪಾನೀಯರ ಸೆರೆಯಲ್ಲಿರುವ ಬ್ರಿಟಿಷ್ ಕರ್ನಲ್ ನಿಕಲ್ಸನ್ ಪಾತ್ರ. ಗಿನ್ನೆಸ್ ಬೇಡ ಬೇಡ ಅಂದರು. ನಿರ್ಮಾಪಕ ಸ್ಯಾಮ್ ಸ್ಪೀಗೆಲ್ ಊಟಕ್ಕೆ ಕೂರಿಸಿಕೊಂಡು ಮಾತಿಗೆಳೆದರು. ಊಟ ಶುರುವಾದಾಗ 'ಆಗೋದಿಲ್ಲ' ಅಂತಿದ್ದವರು ಊಟ ಮುಗಿಯುವ ಹೊತ್ತಿಗೆ ಯಾವ ವಿಗ್ ಹಾಕ್ಕೋಬೇಕು ಅಂತ ಕೇಳ್ತಿದ್ದರು!

ಶೂಟಿಂಗ್ ಸಿಲೋನಿನ ಕಾಡಿನಲ್ಲಿ, ಕಿತುಲ್ಗಲ ಎಂಬಲ್ಲಿ. ಬಿಸಿಲು, ಬೆವರು, ಜೊತೆಗೆ ಲೀನ್ ಜೊತೆ ದಿನಾ ಜಗಳ. ಆದರೆ ಒಂದು ದೃಶ್ಯ ನೋಡಿ. ನಿಕಲ್ಸನ್‌ನನ್ನು ತಗಡಿನ ಗೂಡಿನಲ್ಲಿ ದಿನಗಟ್ಟಲೆ ಕೂಡಿಹಾಕಿರುತ್ತಾರೆ. ಕೊನೆಗೆ ಬಾಗಿಲು ತೆಗೆದಾಗ ಹೊರಗೆ ಬರುತ್ತಾನೆ. ಸೈನಿಕರೆಲ್ಲ ನೋಡುತ್ತಿದ್ದಾರೆ. ಕಾಲು ಮಾತು ಕೇಳುತ್ತಿಲ್ಲ, ಆದರೆ ತಲೆ ಬಾಗಿಲ್ಲ. ತಟ್ಟಾಡುತ್ತಾ, ಬೀಳದೆ, ಮೈದಾನ ದಾಟುತ್ತಾನೆ. ಒಂದು ಡೈಲಾಗೂ ಇಲ್ಲ.

ಆ ನಡಿಗೆ ಎಲ್ಲಿಂದ ಬಂತು ಗೊತ್ತೇ? ಪೋಲಿಯೋದಿಂದ ಎದ್ದು ಮೊದಲ ಹೆಜ್ಜೆಗಳನ್ನಿಟ್ಟ ಮಗ ಮ್ಯಾಥ್ಯೂನ ನಡಿಗೆ ಅದು! ಅಪ್ಪ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ತನ್ನ ಇಡೀ ವೃತ್ತಿಯಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅದೇ ಅಂತ ಗಿನ್ನೆಸ್ ನಂಬಿದ್ದರು. ಫೈಟು, ಡ್ಯುಯೆಟ್ಟು, ಕಣ್ಣೀರಿನ ಡೈಲಾಗು ಯಾವುದೂ ಇಲ್ಲದೆ ಬರೀ ಹೆಜ್ಜೆಯಿಂದ ಗಂಟಲು ಕಟ್ಟಿಸುವುದು ಅಂದ್ರೆ ಸುಮ್ಮನೆಯೇ? ಚಿತ್ರಕ್ಕೆ ಏಳು ಆಸ್ಕರ್. ಅದರಲ್ಲಿ ಒಂದು ಶ್ರೇಷ್ಠ ನಟ ಗಿನ್ನೆಸ್‌ಗೆ. ಸಮಾರಂಭಕ್ಕೆ ಮನುಷ್ಯ ಹೋಗಲೇ ಇಲ್ಲ! ನಟಿ ಜೀನ್ ಸಿಮನ್ಸ್ ಅವರ ಪರವಾಗಿ ತೆಗೆದುಕೊಂಡರು. 1959ರಲ್ಲಿ 'ಸರ್' ಪದವಿ ಬಂತು.

ಆಮೇಲಿನ ಪಟ್ಟಿ ಓದಿದರೆ ತಲೆ ತಿರುಗುತ್ತದೆ. 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ಅರಬ್ ರಾಜಕುಮಾರ ಫೈಸಲ್. 'ಡಾಕ್ಟರ್ ಜಿವಾಗೊ'ದಲ್ಲಿ ರಷ್ಯದ ಜನರಲ್. ನ್ಯೂಯಾರ್ಕ್ ರಂಗದ ಮೇಲೆ ಕವಿ ಡಿಲನ್ ಥಾಮಸ್ ಆಗಿ 1964ರಲ್ಲಿ ಟೋನಿ ಪ್ರಶಸ್ತಿ. 'ಕ್ರಾಮ್‌ವೆಲ್'ನಲ್ಲಿ ದೊರೆ ಒಂದನೆಯ ಚಾರ್ಲ್ಸ್. 1973ರಲ್ಲಿ ಸಾಕ್ಷಾತ್ ಹಿಟ್ಲರ್!

'ಸ್ಟಾರ್ ವಾರ್ಸ್' ಎಂಬ ಕಾಮಧೇನು

1975ರಲ್ಲಿ ಜಾರ್ಜ್ ಲೂಕಾಸ್ ಎಂಬ ಅಮೆರಿಕದ ಹುಡುಗ ನಿರ್ದೇಶಕ ಒಂದು ಅಂತರಿಕ್ಷದ ಕಥೆ ತಂದ. ಓದಿದ ಗಿನ್ನೆಸ್‌ಗೆ ಸಂಭಾಷಣೆ ಕಳಪೆ ಅನ್ನಿಸಿತು. ಆದರೆ ಮುಂದೇನಾಗುತ್ತದೆ ಅಂತ ಪುಟ ತಿರುಗಿಸದೆ ಇರಲಾಗಲಿಲ್ಲ. ಒಪ್ಪಿದರು. ಸಂಬಳದ ಜೊತೆ ಲಾಭದಲ್ಲೂ ಪಾಲು ಕೇಳಿದರು. ನಿರ್ದೇಶಕನಿಗೆ ಬರುವ ಪಾಲಿನಲ್ಲಿ ಶೇಕಡ ಎರಡು. ಚಿತ್ರ ತಯಾರಾದ ಮೇಲೆ ಖುಷಿಯಿಂದ ಲೂಕಾಸ್ ಇನ್ನೂ ಕಾಲು ಸೇರಿಸಿದರು. ಒಟ್ಟು ಎರಡೂಕಾಲು.

1977ರಲ್ಲಿ ಚಿತ್ರ ಬಿಡುಗಡೆಯಾಗಿ ಜಗತ್ತೇ ಕ್ಯೂ ನಿಂತಿತು. ಆ ಎರಡೂಕಾಲು ಶೇಕಡ ಗಿನ್ನೆಸ್‌ಗೆ ಬದುಕಿರುವವರೆಗೆ ಸಾಕಾಗುವಷ್ಟು ದುಡ್ಡು ತಂದುಕೊಟ್ಟಿತು. ಜೊತೆಗೆ ಮತ್ತೊಂದು ಆಸ್ಕರ್ ನಾಮಕರಣ.

ಆದರೆ ಮನುಷ್ಯನಿಗೆ ಸಂತೋಷ ಆಯಿತೆ? ಇಲ್ಲ! ಶೇಕ್ಸ್‌ಪಿಯರ್, ಡಿಕನ್ಸ್, ನಿಕಲ್ಸನ್ ಎಲ್ಲ ಮರೆತ ಜನ 'ಓಬಿ-ವಾನ್' ಅಂತಲೇ ಕೂಗತೊಡಗಿದರು. ಜೀವಮಾನವಿಡೀ ಯಾವ ಒಂದು ಮುಖಕ್ಕೂ ಸಿಕ್ಕಿಕೊಳ್ಳದೆ ತಪ್ಪಿಸಿಕೊಂಡವರು ಕೊನೆಗಾಲದಲ್ಲಿ ಒಂದು ಗಡ್ಡಕ್ಕೆ ಸಿಕ್ಕಿಕೊಂಡಿದ್ದರು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಮಾರು ಹನ್ನೆರಡು ವರ್ಷದ ಒಬ್ಬ ಹುಡುಗ ಎದುರಾದ. 'ಸ್ಟಾರ್ ವಾರ್ಸ್' ನೂರಕ್ಕೂ ಹೆಚ್ಚು ಸಲ ನೋಡಿದ್ದೀನಿ ಅಂದ, ಹೆಮ್ಮೆಯಿಂದ. ಪಕ್ಕದಲ್ಲಿ ತಾಯಿಯೂ ಹೌದು ಹೌದು ಅಂತ ತಲೆಯಾಡಿಸುತ್ತಿದ್ದಾಳೆ. ಗಿನ್ನೆಸ್ ಕೇಳಿದರು: 'ನನಗೊಂದು ಉಪಕಾರ ಮಾಡ್ತೀಯಾ ಮಗು? ಇನ್ನು ಮೇಲೆ ಆ ಚಿತ್ರ ನೋಡೋದಿಲ್ಲ ಅಂತ ಮಾತು ಕೊಡ್ತೀಯಾ?' ಹುಡುಗ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಮಗುವಿಗೆ ಇಂಥ ಮಾತಾಡ್ತೀರಾ ಅಂತ ತಾಯಿ ಸಿಡಿದೆದ್ದು ಮಗನನ್ನು ಎಳೆದುಕೊಂಡು ಹೋದಳು.

ಯಾರದು ಸರಿ? ಒಂದೇ ಚಿತ್ರವನ್ನು ಇಪ್ಪತ್ತು, ಮೂವತ್ತು ಸಲ ನೋಡಿದ ಶೂರರು ನಮ್ಮಲ್ಲೂ ಇದ್ದಾರೆ. ಆ ಹುಡುಗನ ಕಣ್ಣೀರು ನಮಗೆ ಅರ್ಥವಾಗುತ್ತದೆ. ಮುದುಕರು ಸ್ವಲ್ಪ ಮೆತ್ತಗೆ ಹೇಳಬಹುದಿತ್ತು. ಆದರೆ ಅವರ ಭಯವೂ ಸುಳ್ಳಲ್ಲ. ಒಂದೇ ಕನಸಿನ ಲೋಕದಲ್ಲಿ ಹುಡುಗ ಕೊಳೆತುಹೋಗಬಾರದು ಎಂಬ ಕಾಳಜಿ ಅದು.

ಅವರೇ ಮೆಚ್ಚಿ ಮಾಡಿದ ಕೆಲಸ ಬೇರೆ ಇತ್ತು. 1979ರಲ್ಲಿ ಬಿಬಿಸಿ ಟೆಲಿವಿಷನ್‌ಗಾಗಿ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ', 1982ರಲ್ಲಿ 'ಸ್ಮೈಲೀಸ್ ಪೀಪಲ್'. ಜಾರ್ಜ್ ಸ್ಮೈಲಿ ಎಂಬ ವಯಸ್ಸಾದ ಗೂಢಚಾರನ ಪಾತ್ರ. ಜೇಮ್ಸ್ ಬಾಂಡ್ ಥರ ಪಿಸ್ತೂಲು, ಹುಡುಗಿಯರು ಇಲ್ಲ. ಕನ್ನಡಕ ಒರೆಸಿಕೊಳ್ಳುತ್ತಾ ಸುಮ್ಮನೆ ಕೇಳಿಸಿಕೊಳ್ಳುವ ಮನುಷ್ಯ. ಈ ಪಾತ್ರಕ್ಕಾಗಿ ಬ್ರಿಟನ್ನಿನ ಬೇಹುಗಾರಿಕೆಯ ನಿವೃತ್ತ ಮುಖ್ಯಸ್ಥ ಸರ್ ಮಾರಿಸ್ ಓಲ್ಡ್‌ಫೀಲ್ಡ್ ಜೊತೆ ಊಟಕ್ಕೆ ಕೂತು, ಅವರ ಹಾವಭಾವ ಗಮನಿಸಿದ್ದರು. ಎರಡೂ ಧಾರಾವಾಹಿಗೆ ಬಾಫ್ಟಾ ಪ್ರಶಸ್ತಿ ಬಂತು.

ಬೆಂಗಳೂರಿನಲ್ಲಿ ಗೋಡಬೋಲೆ

ಈಗ ನಮ್ಮ ಊರಿನ ಅಧ್ಯಾಯ. ಇ. ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿ 'ಎ ಪ್ಯಾಸೇಜ್ ಟು ಇಂಡಿಯಾ'ವನ್ನು ಚಿತ್ರ ಮಾಡಲು ಡೇವಿಡ್ ಲೀನ್ 1983ರಲ್ಲಿ ಬೆಂಗಳೂರಿಗೆ ಬಂದಿಳಿದರು. ಬೆಂಗಳೂರು ಅರಮನೆಯ ಆವರಣದಲ್ಲಿ ಚಂದ್ರಾಪುರ ಎಂಬ ಊರಿನ ಬಜಾರೇ ಎದ್ದು ನಿಂತಿತು. ಕಥೆಯ ಮಾರಾಬಾರ್ ಗುಹೆಗಳಿಗೆ ಮಾಗಡಿ ಹತ್ತಿರದ ಸಾವನದುರ್ಗ, ರಾಮನಗರದ ಬಂಡೆಗಳು. ಹೌದು, 'ಶೋಲೆ'ಯ ಗಬ್ಬರ್ ಸಿಂಗ್ ಗರ್ಜಿಸಿದ ಅದೇ ರಾಮನಗರ! ಡಾಕ್ಟರ್ ಅಜೀಜ್ ಪಾತ್ರಕ್ಕೆ ಬಂಗಾಳದ ವಿಕ್ಟರ್ ಬ್ಯಾನರ್ಜಿ, ಮಿಸೆಸ್ ಮೂರ್ ಪಾತ್ರಕ್ಕೆ ಪೆಗ್ಗಿ ಆಷ್‌ಕ್ರಾಫ್ಟ್. 1935ರಲ್ಲಿ ಗೀಲ್ಗುಡ್ ಕಂಪನಿಯ 'ರೋಮಿಯೋ ಅಂಡ್ ಜೂಲಿಯೆಟ್'ನಲ್ಲಿ ಈಕೆ ಜೂಲಿಯೆಟ್ ಆಗಿದ್ದಾಗ ಗಿನ್ನೆಸ್‌ಗೆ ಸಣ್ಣಪುಟ್ಟ ಪಾತ್ರ. ಅರ್ಧ ಶತಮಾನದ ಮೇಲೆ ಇಬ್ಬರೂ ನಮ್ಮ ಬಿಸಿಲಿನಲ್ಲಿ!

ಗಿನ್ನೆಸ್ ಪಾತ್ರ ಪ್ರೊಫೆಸರ್ ನಾರಾಯಣ ಗೋಡಬೋಲೆ. ಅಪ್ಪಟ ಬ್ರಾಹ್ಮಣ. ಮುಖಕ್ಕೆ ಕಂದು ಬಣ್ಣ, ತಲೆಗೆ ಪೇಟ, ಹಣೆಗೆ ನಾಮ. ಅರಬನಾದರು, ಯಹೂದಿಯಾದರು, ಹೆಂಗಸಾದರು, ಹಿಟ್ಲರನಾದರು... ಬ್ರಾಹ್ಮಣನಾಗುವುದು ಎಷ್ಟರ ಮಾತು?

ಆಗಲಿಲ್ಲ! ಇಲ್ಲೇ ಮಹಾನಟನ ಕಾಲು ಜಾರಿತು. ಪಕ್ಕದಲ್ಲಿ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್‌ರಂಥ ನಮ್ಮ ನಟರು ಸಹಜವಾಗಿ ಉಸಿರಾಡುತ್ತಿರುವಾಗ, ಬಣ್ಣ ಬಳಿದ ಇಂಗ್ಲಿಷ್ ಮುಖ ಬೇರೆಯಾಗಿಯೇ ಕಾಣುತ್ತದೆ. ಭಾರತದಲ್ಲಿ ನಟರಿಗೆ ಬರವಿತ್ತೆ? ನಮ್ಮ ಪ್ರೊಫೆಸರ್ ಪಾತ್ರಕ್ಕೆ ಇಂಗ್ಲೆಂಡಿನಿಂದ ಯಾಕೆ ಆಮದು? ವಿಮರ್ಶಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಫೇಗಿನ್‌ನ ಮೂಗಿಗೆ ಕೇಳಿದ ಪ್ರಶ್ನೆಯೇ ಮೂವತ್ತೈದು ವರ್ಷದ ಮೇಲೆ ಗೋಡಬೋಲೆಯ ನಾಮಕ್ಕೂ ಬಂತು. ಗಿನ್ನೆಸ್‌ಗೂ ತಾನು ಈ ಪಾತ್ರಕ್ಕೆ ತಕ್ಕವನಲ್ಲ ಅನ್ನಿಸಿತ್ತು. ಸಾಲದ್ದಕ್ಕೆ, ಗೋಡಬೋಲೆಯ ಕುಣಿತದ ದೃಶ್ಯಕ್ಕಾಗಿ ಅವರು ಕಷ್ಟಪಟ್ಟು ತಾಲೀಮು ಮಾಡಿದ್ದರು. ಲೀನ್ ಎಡಿಟಿಂಗಿನಲ್ಲಿ ಅದನ್ನು ಕತ್ತರಿಸಿ ಹಾಕಿದರು! 1946ರಿಂದ ಆರು ಚಿತ್ರ ಒಟ್ಟಿಗೆ ಮಾಡಿದ ಜೋಡಿ ಮನಸ್ಸು ಮುರಿದುಕೊಂಡದ್ದು ಹೀಗೆ. ಚಿತ್ರ 1984ರಲ್ಲಿ ಬಂತು. ಪೆಗ್ಗಿ ಆಷ್‌ಕ್ರಾಫ್ಟ್ ತಮ್ಮ 77ನೆಯ ವಯಸ್ಸಿನಲ್ಲಿ ಪೋಷಕನಟಿ ಆಸ್ಕರ್ ಗೆದ್ದರು. ಲೀನ್‌ಗೆ ಅದೇ ಕೊನೆಯ ಚಿತ್ರ. 1991ರಲ್ಲಿ ಅವರು ತೀರಿಕೊಂಡರು.

ಹಾಗಂತ ಗಿನ್ನೆಸ್‌ರನ್ನು ಆಡಿಕೊಳ್ಳಬೇಕಾಗಿಲ್ಲ. ಎಪ್ಪತ್ತರ ಹತ್ತಿರದಲ್ಲಿ, ಮನೆಯಲ್ಲಿ ಕೂತು ಉಣ್ಣುವಷ್ಟು ದುಡ್ಡು ಇದ್ದರೂ, ಸೋಲಬಹುದು ಅಂತ ಗೊತ್ತಿದ್ದೂ, ಹಳೆಯ ಗೆಳೆಯ ಕರೆದ ಅಂತ ಬಂದರು. ಎಂಟು ಮುಖ ಹೊತ್ತವರಿಗೂ ಒಂಬತ್ತನೆಯದು ಹತ್ತಲಿಲ್ಲ, ಅಷ್ಟೆ.

ಕೊನೆಯ ಪರದೆ

1985ರಲ್ಲಿ ಆತ್ಮಕಥೆ ಬರೆದರು, 'ಬ್ಲೆಸಿಂಗ್ಸ್ ಇನ್ ಡಿಸ್‌ಗೈಸ್'. ಅದರಲ್ಲೂ ತನಗಿಂತ ಹೆಚ್ಚಾಗಿ ಗೆಳೆಯರ ವಿಷಯವೇ! 1989ರಲ್ಲಿ ರಂಗಭೂಮಿಗೆ ಕೊನೆಯ ನಮಸ್ಕಾರ. ಆಮೇಲೆ ಹ್ಯಾಂಪ್‌ಶೈರಿನ ಹಳ್ಳಿಮನೆ, ನಾಯಿಗಳು, ಪುಸ್ತಕ, ದಿನಚರಿ. ಅಭಿಮಾನಿಗಳ 'ಸ್ಟಾರ್ ವಾರ್ಸ್' ಪತ್ರ ಬಂದರೆ ಬಿಚ್ಚದೆ ಕಸದ ಬುಟ್ಟಿಗೆ!

2000ದ ಆಗಸ್ಟ್ 5ರಂದು, 86ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. 62 ವರ್ಷ ಜೊತೆಗಿದ್ದ ಮಡದಿ ಮೆರುಲಾ ಅದೇ ಅಕ್ಟೋಬರಿನಲ್ಲಿ ಹಿಂದೆಯೇ ಹೋದರು. ಗಂಡನ ಇಚ್ಛೆಯಂತೆ ನಟನೆ ಬಿಟ್ಟು ಮನೆ ನೋಡಿಕೊಂಡ ಹೆಣ್ಣುಮಗಳು ಆಕೆ. ಮಗ ಮ್ಯಾಥ್ಯೂ ದೊಡ್ಡವನಾಗಿ ತಾನೂ ನಟನೇ ಆದ.

ಗೆಳೆಯರೇ, 'ಸ್ಟಾರ್ ವಾರ್ಸ್' ಇನ್ನೊಂದು ಸಲ ನೋಡಬೇಡಿ ಅಂತ ನಾನಂತೂ ಹೇಳುವುದಿಲ್ಲ. ಖಂಡಿತ ನೋಡಿ. ಆದರೆ ಅದರ ಜೊತೆ 'ರಿವರ್ ಕ್ವಾಯ್' ಕೂಡ ಒಮ್ಮೆ ಹುಡುಕಿ ನೋಡಿ. ತಗಡಿನ ಗೂಡಿನ ಬಾಗಿಲು ತೆರೆದಾಗ ಮಾತು ನಿಲ್ಲಿಸಿ, ಆ ಕಾಲುಗಳನ್ನೇ ನೋಡಿ. ಹನ್ನೊಂದು ವರ್ಷದ ಒಬ್ಬ ಹುಡುಗ ನಡೆಯಲು ಕಲಿತದ್ದು ಅಲ್ಲಿದೆ.